ಬೀದರಿನ ಪಂಕ್ತಿ: ಏನು ಉಣ್ಣಬೇಕು, ಯಾರೊಡನೆ ಉಣ್ಣಬೇಕು?

ದೊಡ್ಡ ನಗರಗಳ ಹೊಸ ಮಾದರಿಯ ಹೋಟೆಲುಗಳಿಗೆ ಹೋದವರು ಇದನ್ನು ಕಂಡಿರಬಹುದು. ಮೇಜಿನ ಮೇಲೆ ಒಂದು ಚೀಟಿ, ಒಂದು ಪೆನ್ಸಿಲು. ಜಪಾನಿನ 'ಸುಶಿ' ಬೇಕೆಂದರೆ ಅನ್ನ ಯಾವುದು, ನಡುವೆ ಮೀನೋ ಸೌತೆಕಾಯಿಯೋ, ಮೇಲಿನ ವ್ಯಂಜನ ಯಾವುದು ಎಂದು ನಾವೇ ಗುರುತು ಹಾಕಬೇಕು. ಹುಳಿ ಬೆರೆಸಿದ ಅನ್ನವನ್ನು ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿ, ನಾವು ಕೇಳಿದಂತೆಯೇ ತಂದಿಡುತ್ತಾರೆ. ಊಟದ ಯಜಮಾನ ಉಣ್ಣುವವನೇ. ಪಕ್ಕದ ಕುರ್ಚಿಯಲ್ಲಿ ಕುಳಿತವರು ಯಾರು, ಯಾವ ಕುಲದವರು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಈ 'ವಿಚಾರಿಸದಿರುವಿಕೆ' ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದಕ್ಕೂ ಒಂದು ಇತಿಹಾಸವಿದೆ ಎಂಬುದು ನೆನಪಾಗುವುದೇ ಇಲ್ಲ.

ಸುಶಿಯ ಕಥೆ ಆರಂಭವಾದದ್ದು ರುಚಿಯಿಂದಲ್ಲ, ಮೀನು ಕೆಡದಂತೆ ಕಾಪಾಡುವ ಉಪಾಯದಿಂದ. ಉಪ್ಪು ಹಚ್ಚಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಹುಳಿಯಿಸುತ್ತಿದ್ದರು. ಮೀನು ತಿಂದು ಅನ್ನವನ್ನು ಎಸೆಯುತ್ತಿದ್ದರು. ಇಂದಿನ ಟೋಕಿಯೋ ಆಗಿರುವ ಎಡೋ ನಗರದಲ್ಲಿ 19ನೆಯ ಶತಮಾನದ ಹೊತ್ತಿಗೆ ಅದು ಬೀದಿ ಅಂಗಡಿಯ ತಿನಿಸಾಯಿತು. ಹುಳಿ ಬೆರೆಸಿದ ಅನ್ನದ ಮುದ್ದೆಯ ಮೇಲೆ ಮೀನಿನ ಚೂರಿಟ್ಟು ಕೈಗೆ ಕೊಡುವ ರೀತಿಗೆ ಹೆಸರು ತಂದವನು ಹನಾಯಾ ಯೋಹೆಯಿ ಎನ್ನುತ್ತಾರೆ. 1958ರಲ್ಲಿ ಒಸಾಕಾ ಸಮೀಪ ಶಿರಾಯಿಶಿ ಯೋಶಿಯಾಕಿ ಎಂಬಾತ, ಬಿಯರ್ ಕಾರ್ಖಾನೆಯ ಚಲಿಸುವ ಪಟ್ಟಿಯನ್ನು ಕಂಡು, ಅಂಥದೇ ಪಟ್ಟಿಯ ಮೇಲೆ ತಟ್ಟೆಗಳು ಗಿರಾಕಿಯ ಮುಂದೆ ಹಾಯ್ದುಹೋಗುವ ಹೋಟೆಲು ತೆರೆದ. ಬೇಕಾದ್ದನ್ನು ಎತ್ತಿಕೊಂಡರಾಯಿತು. ಚೀಟಿ-ಪೆನ್ಸಿಲಿನ ಹೋಟೆಲು ಇದೇ ದಾರಿಯ ಮುಂದಿನ ಹೆಜ್ಜೆ.

ಈಗ ನಮ್ಮ ಬೀದರಿಗೆ ಬರೋಣ. ಇಲ್ಲಿಯೂ 'ತನ್ನ ಊಟ ತಾನೇ ಮಾಡಿಕೊಳ್ಳುವ' ಪದ್ಧತಿ ಇತ್ತು. ಆದರೆ ಅದರ ಕಾರಣವೇ ಬೇರೆ. ಅದನ್ನು ಕಂಡು ಬರೆದಿಟ್ಟವನು ದೂರದ ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಒಂದು ಕುದುರೆಯನ್ನು ಮಾರಲೆಂದು ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಿಗೆ ಬಂದವನು ಅವನು. ಮಹಮೂದ್ ಗವಾನನ ಮದರಸಾ 1472ರಲ್ಲಿ ಪೂರ್ಣಗೊಂಡಿತು ಎಂದರೆ ಕಾಲ ಯಾವುದೆಂದು ತಿಳಿದೀತು.

ಇಲ್ಲಿನ ಹಿಂದೂಗಳು ಮುಸಲ್ಮಾನರೊಡನೆ ಉಣ್ಣುವುದಿಲ್ಲ, ತಮ್ಮತಮ್ಮಲ್ಲೇ ಒಬ್ಬರ ಜೊತೆ ಒಬ್ಬರು ಉಣ್ಣುವುದಿಲ್ಲ ಎಂದು ನಿಕಿತಿನ್ ಬೆರಗಿನಿಂದ ಬರೆಯುತ್ತಾನೆ. ಪರರ ಕಣ್ಣು ಪಾತ್ರೆಯೊಳಗೆ ಬಿದ್ದರೆ ಆ ಅನ್ನವನ್ನು ಮುಟ್ಟುವುದಿಲ್ಲ. ಕೆಲವರು ಬಟ್ಟೆ ಮರೆಮಾಡಿಕೊಂಡು ಉಣ್ಣುತ್ತಾರೆ. ಚಮಚವೆಂಬುದನ್ನು ಅರಿಯರು, ಬಲಗೈಯಿಂದಲೇ ಊಟ. ಪ್ರಯಾಣ ಹೊರಟರೆ ಪ್ರತಿಯೊಬ್ಬನಿಗೂ ಬೇರೆ ಬೇರೆ ಗಡಿಗೆ. ಇಷ್ಟು ಗಡಿಗೆಗಳಿದ್ದರೂ ಅಲ್ಲಿ ಆಯ್ಕೆ ಎಂಬುದು ಇರಲಿಲ್ಲ. ಗಡಿಗೆ ಬೇರೆಯಾದದ್ದು ನಾಲಿಗೆಯ ಇಷ್ಟದಿಂದಲ್ಲ, ಮೈಲಿಗೆಯ ಭಯದಿಂದ.

ಅದೇ ಬರಹದಲ್ಲಿ ಇನ್ನೊಂದು ಸಂಗತಿಯಿದೆ. ಖೋಜಾ ಯೂಸುಫ್ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದ ಈ ವ್ಯಾಪಾರಿ, ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಬೀದರಿನ ಪರಿಚಯದವರಿಗೆ ತಿಳಿಸಿದ. ಆಮೇಲೆ ಅವರು ತಮ್ಮ ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ ಅವನಿಂದ ಮುಚ್ಚಿಡಲಿಲ್ಲವಂತೆ. ಗೋಡೆ ಎಷ್ಟು ಗಟ್ಟಿಯಾಗಿತ್ತೋ, ಅದರಲ್ಲಿ ಬಾಗಿಲು ತೆರೆಯುವುದೂ ಅಷ್ಟೇ ಸಾಧ್ಯವಿತ್ತು ಎಂಬುದಕ್ಕೆ ಇದು ಸಾಕ್ಷಿ.

ಆ ಬಾಗಿಲನ್ನು ಇಡೀ ಸಮಾಜಕ್ಕೆ ತೆರೆಯಲು ನಡೆದ ಪ್ರಯತ್ನವೂ ಇದೇ ಜಿಲ್ಲೆಯದು ಎಂಬುದು ಗಮನಾರ್ಹ. ನಿಕಿತಿನ್ ಬರುವುದಕ್ಕೆ ಮುನ್ನೂರು ವರ್ಷ ಮೊದಲು, ಇಂದಿನ ಬಸವಕಲ್ಯಾಣದಲ್ಲಿ, ಬಸವಣ್ಣನವರು ಮತ್ತು ಶರಣರು ದಾಸೋಹವನ್ನು ಧರ್ಮದ ಕೇಂದ್ರಕ್ಕೆ ತಂದರು. ಅಸ್ಪೃಶ್ಯರೆನಿಸಿಕೊಂಡ ಶಿವನಾಗಮಯ್ಯನವರ ಮನೆಯಲ್ಲಿ ಬಸವಣ್ಣ ಉಂಡದ್ದೇ ಬಿಜ್ಜಳನ ಬಳಿ ದೂರಾಯಿತು ಎಂದು ಶರಣರ ಚರಿತ್ರೆಗಳು ಹೇಳುತ್ತವೆ. ಒಂದು ಊಟ ಅರಮನೆಯವರೆಗೆ ದೂರಾಗಿ ಹೋಗುವುದೆಂದರೆ ಅದು ಬರಿಯ ಊಟವಲ್ಲ. ಮುಂದೆ ಹರಳಯ್ಯ-ಮಧುವರಸರ ಮಕ್ಕಳ ಮದುವೆ ಕಲ್ಯಾಣವನ್ನೇ ಅಲುಗಿಸಿತು. ಹರಳಯ್ಯನ ಗವಿಯನ್ನು ಬಸವಕಲ್ಯಾಣದಲ್ಲಿ ಇಂದಿಗೂ ನೋಡಬಹುದು.

ಬೀದರ್ ನಗರದಲ್ಲಿಯೇ ಇನ್ನೊಂದು ಪಂಕ್ತಿಯಿದೆ. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದೂ, ಸಿಹಿನೀರಿನ ಝರಿಯೊಂದು ಆಗ ಚಿಮ್ಮಿತೆಂದೂ ಸಿಖ್ಖರ ನಂಬಿಕೆ. ಆ ನಾನಕ್ ಝಿರಾ ಗುರುದ್ವಾರದ ಲಂಗರಿನಲ್ಲಿ ಯಾರು ಬಂದರೂ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಆರಿಸಿದ ಪಂಚ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಮನೆತನದವರು.

ದಾಸೋಹದಲ್ಲಾಗಲಿ ಲಂಗರಿನಲ್ಲಾಗಲಿ ಚೀಟಿ-ಪೆನ್ಸಿಲಿಗೆ ಜಾಗವಿಲ್ಲ. ಬಡಿಸಿದ್ದನ್ನು ಉಣ್ಣಬೇಕು, ದೊರೆಗೂ ಅದೇ, ದಣಿದು ಬಂದ ಕೂಲಿಗೂ ಅದೇ. ಇದು ಕೊರತೆಯಲ್ಲ, ಉದ್ದೇಶ. ಪದಾರ್ಥದಲ್ಲಿ ಆಯ್ಕೆ ಬಂದರೆ ಪಂಕ್ತಿಯಲ್ಲಿ ಭೇದ ನುಸುಳುತ್ತದೆ ಎಂಬ ಎಚ್ಚರ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1999ರಲ್ಲಿ ಲಿಂಗೈಕ್ಯರಾದರು) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಎಲ್ಲರಿಗೂ ಗೊತ್ತು. ಓದಲು ಬಂದ ಬಡ ಮಕ್ಕಳಿಗೆ ಅವರು ಪ್ರಸಾದ ನಿಲಯವನ್ನೂ ನಡೆಸಿದರು. ಅಕ್ಷರಕ್ಕಿಂತ ಮೊದಲು ಅನ್ನ ಎಂಬುದು ಅವರಿಗೆ ತಿಳಿದಿತ್ತು.

ಹಾಗಾದರೆ ತನಗೆ ಬೇಕಾದ್ದನ್ನು ತಾನೇ ಕೂಡಿಸಿಕೊಂಡು ಉಣ್ಣುವ ಸುಖ ಈ ನಾಡಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಳ್ಳ ಅಮಾವಾಸ್ಯೆಯ ದಿನ ಔರಾದ್ ಇಲ್ಲವೇ ಭಾಲ್ಕಿಯ ಹೊಲಗಳಿಗೆ ಹೋಗಿ ನೋಡಿ. ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಮನೆಮಂದಿ, ಗೆಳೆಯರು ಮರದ ನೆರಳಲ್ಲಿ ಕೂಡುತ್ತಾರೆ. ಎಳೆಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ರೊಟ್ಟಿಯೇ ತಟ್ಟೆ, ಅದರ ಮೇಲೆ ಯಾರಿಗೆ ಏನು ಬೇಕೋ ಅದು. ಒಬ್ಬ ಹಿಂಡಿಗೆ ಎಣ್ಣೆ ಸುರಿದುಕೊಂಡರೆ ಇನ್ನೊಬ್ಬ ಮೊಸರು ಕಲಸುತ್ತಾನೆ. ಬೀದರಿನ ಮುಸ್ಲಿಂ ಮನೆಗಳ ದಸ್ತರಖಾನಿನ ಕ್ರಮವೂ ಇದೇ: ನಡುವೆ ಹಾಸಿದ ಬಟ್ಟೆ, ಅದರ ಮೇಲೆ ಪಾತ್ರೆಗಳು, ಸುತ್ತ ಜನ. ಆದರೆ ಇವು ಕರೆದವರ ಊಟಗಳು. ಕರೆಯದವರ ಪ್ರಶ್ನೆ ಹಾಗೆಯೇ ಉಳಿದಿತ್ತು.

ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕಾನೂನು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಜಾತಿ ಧರ್ಮಗಳ ಕಾರಣದಿಂದ ಯಾರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಂದ ಹೊರಗಿಡಬಾರದು ಎಂದು ಹೆಸರಿಟ್ಟೇ ಹೇಳಿತು. ದೇಶದ ಸಂವಿಧಾನವೊಂದು ಹೋಟೆಲಿನ ಬಾಗಿಲಿನ ಬಗೆಗೆ ಮಾತನಾಡಬೇಕಾಯಿತು ಎಂದರೆ, ಆ ಬಾಗಿಲು ಎಷ್ಟು ಜನರಿಗೆ ಮುಚ್ಚಿರಬೇಡ! 1955ರಲ್ಲಿ ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಅಪರಾಧವೂ ಆಯಿತು. ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವ ಹೊತ್ತಿಗೆ ಕಾನೂನಿನ ಪಂಕ್ತಿ ಒಂದೇ ಆಗಿತ್ತು. ಮನಸ್ಸಿನ ಪಂಕ್ತಿ ಅಷ್ಟು ಬೇಗ ಒಂದಾಗಲಿಲ್ಲ. ಪ್ರತ್ಯೇಕ ಲೋಟದ, ಹೋಟೆಲಿನ ಹೊಸ್ತಿಲಲ್ಲೇ ತಡೆದ ಸುದ್ದಿಗಳು ನಮ್ಮ ರಾಜ್ಯದ ಹಳ್ಳಿಗಳಿಂದ ಇಂದಿಗೂ ಬರುತ್ತಿವೆ.

ಏನು ಉಣ್ಣಬೇಕೆಂಬ ಆಯ್ಕೆ ದುಡ್ಡಿದ್ದರೆ ದೊರೆಯುತ್ತದೆ. ಯಾರ ಪಕ್ಕದಲ್ಲಾದರೂ ಕುಳಿತು ಉಣ್ಣುವ ಹಕ್ಕನ್ನು ಮಾತ್ರ ದುಡ್ಡು ಕೊಟ್ಟು ತಂದದ್ದಲ್ಲ. ಅದಕ್ಕಾಗಿ ಕಲ್ಯಾಣದಲ್ಲಿ ಜೀವಗಳೇ ಹೋದವು ಎಂದು ನಾವು ನಂಬುತ್ತೇವೆ. ಮುಂದಿನ ಸಲ ಹೋಟೆಲಿನಲ್ಲಿ ಚೀಟಿ ಕೈಗೆ ಬಂದಾಗ ಗುರುತು ಹಾಕಿ, ರುಚಿಯಾಗಿ ಉಣ್ಣಿ. ಹಾಗೆಯೇ ಪಕ್ಕದ ಕುರ್ಚಿಯ ಅಪರಿಚಿತರನ್ನೂ ಒಮ್ಮೆ ನೋಡಿ. ಗಡಿಗೆಗೆ ಬಟ್ಟೆ ಮುಚ್ಚಿಕೊಂಡು ಉಣ್ಣುತ್ತಿದ್ದ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆ, ಇನ್ನೆಷ್ಟು ದೂರ ಹೋಗಬೇಕಾಗಿದೆ ಎಂಬುದು ಆಗ ತಿಳಿದೀತು.