ಬೆಂಗಳೂರು ಸೀಮೆಯ ಶಿಲಾಶಾಸನಗಳೂ ಜನಸಾಮಾನ್ಯರೂ

ಶಿಲಾಶಾಸನವು ಜನರ ಕಣ್ಣೆದುರಿಗೆ ಇರಬೇಕೆಂದೇ ಹುಟ್ಟಿದ ಬರೆಹ. ತಾಮ್ರಶಾಸನವನ್ನು ದಾನ ಪಡೆದವನು ಮನೆಯಲ್ಲಿ ಜೋಪಾನವಾಗಿ ಇರಿಸಿಕೊಳ್ಳುತ್ತಿದ್ದನು. ಕಲ್ಲಾದರೋ ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ, ಊರ ಮುಂದೆ ನಿಲ್ಲುತ್ತಿದ್ದಿತು. ಅಕ್ಷರವರಿಯದವನಿಗೂ ವೀರಗಲ್ಲಿನ ಶಿಲ್ಪದಿಂದ ಕಾಳಗದಲ್ಲಿ ಮಡಿದವನ ಸದ್ಗತಿಯು ತಿಳಿಯುತ್ತಿದ್ದಿತು. ಕಾಲಕ್ರಮದಲ್ಲಿ ಲಿಪಿಯು ಮಾರ್ಪಟ್ಟು ಭಾಷೆಯು ಹಳತಾಗಲು, ಅದೇ ಕಲ್ಲು ನೆರೆಯವರಿಗೆ ಮೂಕವಾಯಿತು.

ಆ ಮೂಕತನವನ್ನು ನೀಗಿದವರಲ್ಲಿ ಬಿ. ಎಲ್. ರೈಸ್ ಅವರು ಅಗ್ರಗಣ್ಯರು. ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಒಂಬತ್ತನೆಯ ಸಂಪುಟವು 1905ರಲ್ಲಿ ಪ್ರಕಟವಾಗಿ, ಬೆಂಗಳೂರು ಜಿಲ್ಲೆಯ ಶಾಸನಗಳು ಒಂದೆಡೆ ದೊರೆಯುವಂತಾಯಿತು. ಈ ಉಪಕಾರವು ಸಾಮಾನ್ಯವಾದುದಲ್ಲ. ಆದರೆ ಅದರಲ್ಲಿ ಪಾಠವು ಕನ್ನಡ ಲಿಪಿಯಲ್ಲಿದ್ದರೂ ಪೀಠಿಕೆಯೂ ಅರ್ಥವಿವರಣೆಯೂ ಇಂಗ್ಲಿಷಿನಲ್ಲಿ ಬಂದುವು. ತನ್ನ ಊರಿನ ಕಲ್ಲಿನ ಅಭಿಪ್ರಾಯವನ್ನು ತಿಳಿಯಬೇಕಾದರೆ ಕನ್ನಡಿಗನು ಹಳಗನ್ನಡವನ್ನಾದರೂ ಇಂಗ್ಲಿಷನ್ನಾದರೂ ಕಲಿತಿರಬೇಕಾಯಿತು. ಊರಿನ ಚರಿತ್ರೆಯು ಊರನ್ನು ಬಿಟ್ಟು ಪುಸ್ತಕಭಂಡಾರವನ್ನು ಸೇರಿತು.

ಇದರ ಫಲವು ನಗರದ ಹೆಸರಿನ ವಿಷಯದಲ್ಲಿ ಸ್ಪಷ್ಟವಾಗಿ ಕಾಣುವುದು. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಬೆಂದಕಾಳೂರೆಂಬ ಹೆಸರಾಯಿತೆಂದು ಪ್ರತೀತಿಯುಂಟು. ಕಥೆಯು ರಮ್ಯವಾದುದು, ರಾಜನಿಗೆ ಹಸಿವಾಗುವುದೂ ಬಡವಿಯು ಉಣಿಸುವುದೂ ಯಾರಿಗೆ ಹಿತವಲ್ಲ? ಆದರೆ ಬೇಗೂರಿನ ದೇವಾಲಯದ ಆವರಣದಲ್ಲಿ ನಿಂತಿರುವ, ಸುಮಾರು ಕ್ರಿ. ಶ. 890ರದೆಂದು ಎಣಿಸಲಾದ ವೀರಗಲ್ಲಿನಲ್ಲಿ ಗಂಗರ ಅಧಿಕಾರಿಯಾದ ನಾಗತ್ತರನ ಕಡೆಯವರು ಕಾದಿದ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಬಲ್ಲಾಳನಿಗೆ ಸುಮಾರು ಮುನ್ನೂರು ವರ್ಷಗಳ ಮುಂಚೆಯೇ ಹೆಸರು ಬಳಕೆಯಲ್ಲಿದ್ದುದರಿಂದ ಕಥೆಯು ನಿಲ್ಲಲಾರದು. ಇಷ್ಟಾದರೂ ಕಥೆಯನ್ನು ಬಲ್ಲವರು ಸಾವಿರವಾದರೆ ಕಲ್ಲನ್ನು ಕಂಡವರು ವಿರಳ. ಇದು ಜನರ ಅಪರಾಧವಲ್ಲ. ಕಥೆಯು ಮನೆಮಾತಿನಲ್ಲಿ ದೊರೆಯಿತು, ಶಾಸನವು ದೊರೆಯಲಿಲ್ಲ. ಇಲ್ಲಿ ವಿದ್ವಾಂಸರಿಗೂ ಎಚ್ಚರ ಬೇಕು. ಕಲ್ಲು ಸಾಧಿಸುವುದು ಹೆಸರಿನ ಪ್ರಾಚೀನತೆಯನ್ನು ಮಾತ್ರ. ಆ ಬೆಂಗಳೂರೂ 1537ರಲ್ಲಿ ಕೆಂಪೇಗೌಡನು ಕೋಟೆ ಪೇಟೆಗಳನ್ನು ಕಟ್ಟಿಸಿದನೆನ್ನಲಾದ ಸ್ಥಳವೂ ಒಂದೇ ಎಂಬುದನ್ನು ಅದು ಹೇಳುವುದಿಲ್ಲ. ಒಂದು ಐತಿಹ್ಯವನ್ನು ತೆಗೆದು ಮತ್ತೊಂದನ್ನು ಪ್ರತಿಷ್ಠಿಸಿದರೆ ಪ್ರಯೋಜನವೇನು?

ಅಗರದ ಕೆರೆಗೆ ಸಂಬಂಧಿಸಿದ, ಸುಮಾರು 870ರ ಶಾಸನವು ಎರಡು ಕೆರೆಗಳಿಗೆ ತೂಬುಗಳನ್ನಿಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿ, ಅದಕ್ಕಾಗಿ ಬಿತ್ತುವಟ್ಟವನ್ನು ಪಡೆದವನನ್ನು ಸ್ಮರಿಸುತ್ತದೆ. ನೀರಿಗಾಗಿ ಪರಿತಪಿಸುವ ನಗರಕ್ಕೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದು? ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳಲ್ಲಿ ತಮಿಳು ಭಾಷೆಯವೂ ಉಂಟು. ಊರನ್ನು ತೊಂಬಲೂರೆಂದೂ ದೇಸಿಮಾಣಿಕ್ಕಪಟ್ಟಣವೆಂದೂ ಅವು ಕರೆಯುತ್ತವೆ. ಈ ಸೀಮೆಯು ಬಹುಕಾಲದಿಂದ ಎರಡು ಭಾಷೆಗಳಲ್ಲಿ ತನ್ನ ಲೆಕ್ಕವನ್ನಿಟ್ಟಿದೆ. ಮೆಚ್ಚುವಂಥದನ್ನು ಮಾತ್ರ ಆರಿಸಿ ಹೇಳುವುದು ಚರಿತ್ರೆಯ ಪ್ರಚಾರವೆನಿಸಲಾರದು.

ಅರಿಯದ ಕಲ್ಲಿಗೆ ರಕ್ಷಣೆಯಿಲ್ಲ. ಗ್ರಂಥದಲ್ಲಿ ಪಾಠವು ಉಳಿದು, ಸ್ಥಳದಲ್ಲಿ ಶಿಲೆಯು ಕಾಣದಾಗಿರುವ ಉದಾಹರಣೆಗಳು ಈ ಸೀಮೆಯಲ್ಲಿ ಅಲ್ಪವಲ್ಲ; ಅವು ರಸ್ತೆಯ ಕೆಳಗೋ ಕಟ್ಟಡದ ಅಡಿಪಾಯದಲ್ಲೋ ಸೇರಿಹೋಗುವುದು ಸುಲಭ. ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಹೆಬ್ಬಾಳವು ಒದಗಿಸಿತು. 2018ರಲ್ಲಿ ಅಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುವಾಗ ವೀರಗಲ್ಲೊಂದು ಹೊರಬಂದಿತು. ಅದರ ಕಾಲವು ಸುಮಾರು ಕ್ರಿ. ಶ. 750. ಶ್ರೀಪುರುಷನು ಆಳುತ್ತಿದ್ದಾಗ ರಟ್ಟವಾಡಿಯವರು ಏರಿಬರಲು, ಅವರೊಡನೆ ಕಾದಿ ಕಿತ್ತಯ್ಯನೆಂಬವನು ಮಡಿದನೆಂದು ಅದರ ತಾತ್ಪರ್ಯ. ಪೆರ್ಬೊಳಲ್‌ನಾಡೆಂಬ ಹೆಸರು ಅದರಲ್ಲಿ ಬಂದಿರುವುದರಿಂದ ಹೆಬ್ಬಾಳವೆಂಬ ಸ್ಥಳನಾಮದ ಮೂಲವೂ ವಿಶದವಾಯಿತು. ಆಸಕ್ತ ನಾಗರಿಕರು ಬಲ್ಲವರಿಂದ ಓದಿಸಿ, ಅರ್ಥವನ್ನು ನೆರೆಯವರಿಗೆ ಹೇಳಿದರು. ಕಲ್ಲು ಅಲ್ಲಿಯವರ ಅಭಿಮಾನಕ್ಕೆ ಪಾತ್ರವಾಯಿತು.

1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಪ್ರತಿಕೃತಿಗಳಾಗಿ ಯಂತ್ರದಿಂದ ಸೆರೆಹಿಡಿಯುವ ಕಾರ್ಯವನ್ನು ಕೈಗೊಂಡಿತು. ಸವೆದ ಅಕ್ಷರಗಳು ಇದರಿಂದ ಸ್ಫುಟವಾಗುವುವು. ಹಳೆಯ ವಾಚನಗಳನ್ನು ತಿದ್ದುವುದಕ್ಕೂ ಅವಕಾಶವಾಗುವುದು. ಆದರೂ ಪ್ರತಿಕೃತಿಯು ಅರ್ಥಕ್ಕೆ ಬದಲಾಗಲಾರದು. ಪ್ರತಿ ಶಾಸನಕ್ಕೂ ಹೊಸಗನ್ನಡದಲ್ಲಿ ಸರಳವಾದ ತಾತ್ಪರ್ಯವನ್ನು ಬರೆದು, ಸಂಶಯವುಳ್ಳ ವಾಚನವನ್ನು ಸಂಶಯವುಳ್ಳದ್ದೆಂದೇ ಸೂಚಿಸಿ, ಕಲ್ಲಿನ ಬಳಿಯಲ್ಲಿಯೇ ನಿಲ್ಲಿಸುವ ಕೆಲಸವು ಪಂಡಿತರದು. ಹತ್ತಿರದ ಶಾಲೆಯ ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ಹಳಗನ್ನಡದ ಪಾಠವೊಂದು ಅಗರದ ಏರಿಯ ಮೇಲೆಯೇ ನಡೆದೀತು.