ಹೆಗಲ ಗಂಟು, ಗಾಜಿನ ಅಂಗಡಿ

ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬ ಮಾತನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದವರು. ಕೇಳಿದಾಗಲೆಲ್ಲ ‘ಅಯ್ಯೋ ಪಾಪ’ ಎನ್ನಿಸುತ್ತಿತ್ತು. ಈಚೆಗೆ ನನ್ನದೊಂದು ಪ್ರಬಂಧ ಸಂಕಲನವನ್ನು ಅಂತರಜಾಲದ ಪುಸ್ತಕದಂಗಡಿಯೊಂದರಲ್ಲಿ ನಾನೇ ಪ್ರಕಟಿಸಿ, ತಿಂಗಳ ಕೊನೆಗೆ ಲೆಕ್ಕ ನೋಡಿದ ಮೇಲೆ ಆ ಮರುಕವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹನ್ನೊಂದು ಪ್ರತಿ ಹೋಗಿದ್ದವು. ಯಾರ ಕೈಗೆ? ಅಂಗಡಿ ಅದನ್ನು ಹೇಳುವುದಿಲ್ಲ. ಗಳಗನಾಥರಾದರೋ ಕೊಂಡವನ ಬಾಗಿಲನ್ನೂ ಕೊಳ್ಳದವನ ಮುಖವನ್ನೂ ಬಲ್ಲವರಾಗಿದ್ದಿರಬೇಕು.

ಈ ಹೊಸ ವ್ಯಾಪಾರದ ಇತಿಹಾಸ ದೀರ್ಘವಾದುದಲ್ಲ. 2007ರಲ್ಲಿ ಅಮೆಜಾನ್ ಕಂಪನಿ ಕಿಂಡಲ್ ಎಂಬ ಓದುವ ಯಂತ್ರವನ್ನು ಹೊರತಂದಾಗ, ಲೇಖಕನು ಪ್ರಕಾಶಕನ ಹಂಗಿಲ್ಲದೆ ತನ್ನ ಪುಸ್ತಕವನ್ನು ಮಾರಾಟಕ್ಕಿಡುವ ಬಾಗಿಲನ್ನೂ ತೆರೆಯಿತು. ಆರಂಭದಲ್ಲಿ ಬೆಲೆಯ ನೂರಕ್ಕೆ 35 ಪಾಲು ಲೇಖಕನಿಗೆ. 2010ರಲ್ಲಿ, ಕೆಲವು ನಿಬಂಧನೆಗಳೊಡನೆ, 70. ಪ್ರಕಾಶಕರ ಜಗಲಿಯ ಮೇಲೆ ಕಾದು ಕುಳಿತು ಬೇಸತ್ತವರಿಗೆ ಇದು ಕಾಮಧೇನುವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಾಮಧೇನುವಿನ ಹಗ್ಗ ಯಾರ ಕೈಯಲ್ಲಿದೆ ಎಂಬುದು ನಿಧಾನವಾಗಿ ತಿಳಿಯಿತು. 2014ರಲ್ಲಿ ಅದೇ ಕಂಪನಿ ತಿಂಗಳ ಚಂದಾ ಕೊಟ್ಟವರಿಗೆ ಬೇಕಾದಷ್ಟು ಓದಲು ಬಿಡುವ ಏರ್ಪಾಡನ್ನು ಮಾಡಿತು. ಅದಕ್ಕೆ ಸೇರುವ ಸ್ವತಂತ್ರ ಲೇಖಕನು ತೊಂಬತ್ತು ದಿನಗಳ ಮಟ್ಟಿಗೆ ಆ ವಿದ್ಯುನ್ಮಾನ ಪುಸ್ತಕವನ್ನು ಬೇರೆಲ್ಲಿಯೂ ಮಾರಕೂಡದು. ಓದುಗನು ಪುಸ್ತಕದ ಹತ್ತರಲ್ಲೊಂದು ಭಾಗವನ್ನು ಓದಿದರೆ ಲೇಖಕನಿಗೆ ಒಂದು ಎರವಲಿನ ಹಣ. ಸರಿ, ಪುಸ್ತಕಗಳು ಚಿಕ್ಕವಾದವು. ಒಂದು ಕಥೆ ಮೂರು ಪುಸ್ತಕವಾಯಿತು. 2015ರ ಜುಲೈಯಲ್ಲಿ ನಿಯಮ ಬದಲಾಯಿತು: ಇನ್ನು ಓದಿದ ಪುಟಕ್ಕಿಷ್ಟು. ಚಿಕ್ಕ ಪುಸ್ತಕವನ್ನು ನಂಬಿಕೊಂಡಿದ್ದವರ ಸಂಪಾದನೆ ಏಕಾಏಕಿ ಇಳಿಯಿತು. ಚಾಲಾಕಿಗಳು ಹಳೆಯ ಕಥೆಗಳನ್ನೆಲ್ಲ ಹಿಂದೆ ತುರುಕಿ ಹೊತ್ತಗೆಯನ್ನು ಉಬ್ಬಿಸತೊಡಗಿದರು. ಪುಟವೊಂದಕ್ಕೆ ಎಷ್ಟು ಎಂಬುದಾದರೋ ತಿಂಗಳು ಕಳೆದ ಮೇಲೆಯೇ ಗೊತ್ತಾಗುವುದು. ಕೂಲಿ ಎಷ್ಟೆಂದು ಕೇಳದೆ ಗದ್ದೆಗಿಳಿಯುವ ಆಳನ್ನು ನಾನು ನಮ್ಮ ಕಡೆ ಕಂಡಿಲ್ಲ.

2016ರಲ್ಲಿ ಈ ಬಾಗಿಲು ಭಾರತೀಯ ಭಾಷೆಗಳಿಗೂ ತೆರೆಯಿತು. ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲೆಯಾಳ. ಕನ್ನಡದ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರಿನಲ್ಲಿಯೇ 2014ರಲ್ಲಿ ಹುಟ್ಟಿದ ‘ಪ್ರತಿಲಿಪಿ’ ಮುಂದೆ ನಮ್ಮ ಭಾಷೆಗೂ ಎಡೆಗೊಟ್ಟಿತು. ಅಲ್ಲಿ ಧಾರಾವಾಹಿ ಬರೆಯುವ ಗೃಹಿಣಿಯರನ್ನು ನಾನು ಬಲ್ಲೆ. ಗಳಗನಾಥರ ಕಾದಂಬರಿಗಳೂ ‘ಸದ್ಬೋಧ ಚಂದ್ರಿಕೆ’ಯಲ್ಲಿ ಕಂತುಕಂತಾಗಿಯೇ ಬಂದವಲ್ಲವೆ? ಆದರೆ ಅದು ಅವರೇ ನಡೆಸಿದ ಪತ್ರಿಕೆ; ಚಂದಾದಾರರ ವಿಳಾಸ ಅವರ ಕೈಗೆ ಎಟುಕುತ್ತಿತ್ತು.

ಇನ್ನೊಂದು ಸಂಗತಿ. ಯಂತ್ರಗಳೇ ಬರೆದ ಪುಸ್ತಕಗಳ ಹಾವಳಿಯ ಮಾತೆದ್ದಾಗ, 2023ರ ಸೆಪ್ಟೆಂಬರಿನಲ್ಲಿ ಅಮೆಜಾನ್ ಒಂದು ಕಟ್ಟು ಹಾಕಿತು: ಒಬ್ಬ ಲೇಖಕ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಪ್ರಕಟಿಸಕೂಡದು! ನಾಲ್ಕು ವರ್ಷಕ್ಕೊಂದು ಸಂಕಲನ ತರುವ ನನ್ನಂಥವನ ಪುಸ್ತಕ ಆ ರಾಶಿಯಲ್ಲಿ ಎಲ್ಲಿ ಕಂಡೀತು?

ನನ್ನ ಹನ್ನೊಂದು ಪ್ರತಿಗಳಲ್ಲಿ ಒಂದನ್ನು ಕೊಂಡವನು ನನ್ನ ಷಡ್ಡಕನೆಂದು ಮೊನ್ನೆ ಮದುವೆಯ ಮನೆಯಲ್ಲಿ ತಿಳಿಯಿತು. ಎರಡನೆಯ ಪ್ರಬಂಧಕ್ಕೇ ನಿದ್ದೆ ಬಂದಿತೆಂದು ಎಲೆಯ ಮುಂದೆ ಕುಳಿತು ಮುಖಕ್ಕೇ ಹೇಳಿದ. ಉಳಿದ ಹತ್ತು ಮಂದಿಯ ಅಭಿಪ್ರಾಯಕ್ಕಾಗಿ ಕಾದಿದ್ದೇನೆ.