ಅಂಕಲಿಪಿಯೂ ಜಪದ ಪುಸ್ತಕವೂ

ನಮ್ಮ ಧರ್ಮಕೇಂದ್ರವು ನೂರು ವರುಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿದವರನ್ನೂ ಘಂಟೆಯನ್ನು ತಂದವರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಕರ್ತವ್ಯ. ಆ ದೊಡ್ಡ ಸಂಗತಿಗಳ ನಡುವೆ ಒಂದು ಬಹು ಚಿಕ್ಕ ವಸ್ತುವಿನ ಚರಿತ್ರೆಯನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಅದು ಮಗುವಿನ ಮೊದಲ ಪುಸ್ತಕ. ನಮ್ಮ ಬೆಳಗಾವಿ, ಖಾನಾಪುರಗಳ ಕಡೆ ಇದಕ್ಕೆ ಅಂಕಲಿಪಿ ಎನ್ನುತ್ತಾರೆ. ಅಕ್ಷರ, ಕಾಗುಣಿತ, ಮಗ್ಗಿ ಇಷ್ಟೇ ಅದರ ಸಂಪತ್ತು. ಕನ್ನಡ, ಮರಾಠಿ ಎರಡೂ ಭಾಷೆಗಳಲ್ಲಿ ಅದಕ್ಕೆ ಒಂದೇ ಹೆಸರಿರುವುದು ನಮ್ಮ ನಾಡಿನ ಸೊಗಸು. ನಮ್ಮ ಮನೆಗಳಲ್ಲಿ ಇದರ ಜೊತೆಗೆ ಇನ್ನೊಂದು ಚಿಕ್ಕ ಪುಸ್ತಕವೂ ಇರುತ್ತದೆ. ಅದು ಜಪದ ಪುಸ್ತಕ. ಈ ಎರಡೂ ಒಂದು ಕಾಲದಲ್ಲಿ ಒಂದೇ ಪುಸ್ತಕವಾಗಿದ್ದವು ಎಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ.

ಪೆಟ್ಟಿಗೆಯಲ್ಲಿ ಬಂದ ಪುಸ್ತಕಗಳು

ಗೋವೆಯನ್ನು ಗೆದ್ದ ಆಫೊನ್ಸೊ ದ ಅಲ್ಬುಕರ್ಕನು 1512ರಲ್ಲಿ ಕೊಚ್ಚಿಯಿಂದ ತನ್ನ ಅರಸನಿಗೆ ಬರೆದ ಪತ್ರವೊಂದರಲ್ಲಿ, ಮಕ್ಕಳಿಗೆ ಓದು ಕಲಿಸುವ ಪುಸ್ತಕಗಳಿದ್ದ ಒಂದು ಪೆಟ್ಟಿಗೆ ತನಗೆ ದೊರೆತುದನ್ನೂ, ಅವುಗಳ ನೆರವಿನಿಂದ ಸುಮಾರು ನೂರು ಬಾಲಕರಿಗೆ ಪಾಠ ನಡೆಯುತ್ತಿದ್ದುದನ್ನೂ ತಿಳಿಸಿದ್ದಾನೆ. ಪೋರ್ತುಗೀಜರು ಅಂತಹ ಪುಸ್ತಕವನ್ನು ಕಾರ್ತೀಲ್ಯ ಎಂದು ಕರೆಯುತ್ತಿದ್ದರು. ಮೊದಲು ಅಕ್ಷರಗಳು, ಬಳಿಕ ಅಕ್ಷರಗಳ ಜೋಡಣೆ, ಅನಂತರ ಪರಲೋಕ ಮಂತ್ರ, ನಮೋ ಮರಿಯಾ ಮುಂತಾದ ಜಪಗಳು ಎಂಬುದೇ ಅದರ ಕ್ರಮ. ಜುವಾಂವ್ ದ ಬಾರೊಸನು 1539ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ ಇಂತಹ ಪುಸ್ತಕದಲ್ಲಿ ಅಕ್ಷರಗಳ ಜೊತೆಗೆ ಚಿತ್ರಗಳೂ ಇದ್ದವು. 1554ರಲ್ಲಿ ಅದೇ ನಗರದಲ್ಲಿ ತಮಿಳು ಮಾತುಗಳನ್ನು ರೋಮನ್ ಲಿಪಿಯಲ್ಲಿ ಕೂಡಿಸಿದ ಕಾರ್ತೀಲ್ಯವು ಅಚ್ಚಾಯಿತು. ಭಾರತೀಯ ಭಾಷೆಯೊಂದು ಅಚ್ಚಿನ ಮನೆಯನ್ನು ಹೊಕ್ಕದ್ದು ಮಕ್ಕಳ ಪುಸ್ತಕದ ಬಾಗಿಲಿನಿಂದ ಎಂಬುದು ಗಮನಾರ್ಹ.

ಈ ಕ್ರಮದಲ್ಲಿ ಒಂದು ಜಾಣ್ಮೆಯಿತ್ತು. ಮಗು ಪ್ರತಿ ಸಂಜೆ ತಾಯಿಯ ಮಗ್ಗುಲಲ್ಲಿ ಕುಳಿತು ಹೇಳುವ ಮಾತೇ ಅದು ಓದುವ ಮೊದಲ ಸಾಲಾಗುತ್ತಿತ್ತು. ಕಿವಿಗೆ ಪರಿಚಿತವಾದುದನ್ನು ಕಣ್ಣಿಗೆ ಪರಿಚಯಿಸುವ ಕೆಲಸವಷ್ಟೇ ಉಳಿಯುತ್ತಿತ್ತು. ಆದರೆ ಅದರಲ್ಲಿಯೇ ಒಂದು ಅಪಾಯವೂ ಅಡಗಿತ್ತು. ಬಾಯಿಪಾಠ ಬಂದ ಮಗುವಿಗೆ ಅಕ್ಷರವನ್ನು ನೋಡುವ ಅಗತ್ಯವೇ ಇರುವುದಿಲ್ಲ.

1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರರು ಬೀದಿಗಳಲ್ಲಿ ಘಂಟೆ ಬಾರಿಸಿ ಮಕ್ಕಳನ್ನು ಕೂಡಿಸಿ ಜಪಗಳನ್ನು ಕಲಿಸಿದರು. 1556ರಲ್ಲಿ ಗೋವೆಯ ಸಂತ ಪೌಲರ ವಿದ್ಯಾಲಯದಲ್ಲಿ ಭಾರತದ ಮೊದಲ ಮುದ್ರಣಾಲಯವು ಆರಂಭವಾಯಿತು. ಆಂಗ್ಲ ದೇಶದಿಂದ 1579ರಲ್ಲಿ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಗುರುಗಳು ನಮ್ಮ ಜನರ ಮಾತನ್ನು ಮನಸಾರೆ ಕಲಿತರು. ಗುರು ಶಿಷ್ಯರ ಸಂವಾದ ರೂಪದಲ್ಲಿ ಅವರು ಕೊಂಕಣಿಯಲ್ಲಿ ರಚಿಸಿದ ಧರ್ಮೋಪದೇಶದ ಪುಸ್ತಕವು, ಅವರು ದೈವಾಧೀನರಾದ ಮೂರು ವರುಷಗಳ ಬಳಿಕ, 1622ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಆದರೆ ರಾಜ್ಯಾಡಳಿತದ ಮನಸ್ಸು ಬೇರೆಯಾಯಿತು. 1684ರಲ್ಲಿ ಗೋವೆಯ ವೈಸರಾಯನು ಜನರು ಕೊಂಕಣಿಯನ್ನು ಬಿಟ್ಟು ಪೋರ್ತುಗೀಜನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದನು. ಮನೆಯ ಮಾತು ಉಳಿಯಿತು. ಆದರೆ ಆ ಮಾತಿನಲ್ಲಿ ಮಕ್ಕಳಿಗೆ ಪುಸ್ತಕಗಳು ಬೆಳೆಯಲಿಲ್ಲ.

ಘಟ್ಟದ ಮೇಲಿನ ಮಕ್ಕಳು

ಘಟ್ಟ ಹತ್ತಿ ಖಾನಾಪುರ, ಬೆಳಗಾವಿಗಳಲ್ಲಿ ನೆಲೆಸಿದ ಕೊಂಕಣಿ ಕುಟುಂಬಗಳ ಮಕ್ಕಳಿಗೆ ಈ ಕೊರತೆ ಇಮ್ಮಡಿಯಾಯಿತು. ಒಂದೇ ಕೊಡದ ನೀರು ಕನ್ನಡದಲ್ಲಿ ನೀರು, ಮರಾಠಿಯಲ್ಲಿ ಪಾಣಿ, ಕೊಂಕಣಿಯಲ್ಲಿ ಉದಕ. ಗೋವೆಯಿಂದ ಬಂದ ಜಪದ ಪುಸ್ತಕವು ರೋಮನ್ ಲಿಪಿಯಲ್ಲಿ, ಶಾಲೆಯ ಪುಸ್ತಕವು ದೇವನಾಗರಿಯಲ್ಲಿ ಅಥವಾ ಕನ್ನಡದಲ್ಲಿ. ಮಗುವಿನ ಬಾಯಲ್ಲಿರುವ ಮಾತಿಗೂ ಕೈಯಲ್ಲಿರುವ ಪುಸ್ತಕಕ್ಕೂ ನಂಟು ತಪ್ಪಿತು.

ಕನ್ನಡ ಮಕ್ಕಳ ಕಷ್ಟವೂ ಇದಕ್ಕಿಂತ ಬೇರೆಯಾಗಿರಲಿಲ್ಲ. 1818ರ ನಂತರ ಮುಂಬಯಿ ಆಡಳಿತಕ್ಕೆ ಸೇರಿದ ಈ ಭಾಗದಲ್ಲಿ ಕನ್ನಡ ಮನೆಗಳ ಮಕ್ಕಳೂ ಬಹುಕಾಲ ಮರಾಠಿ ಶಾಲೆಗಳಲ್ಲಿಯೇ ಅಕ್ಷರ ಕಲಿಯಬೇಕಾಯಿತು. ಆ ಸ್ಥಿತಿಯನ್ನು ಬದಲಾಯಿಸಲು ದುಡಿದವರಲ್ಲಿ ಡೆಪ್ಯೂಟಿ ಚೆನ್ನಬಸಪ್ಪನವರು ಅಗ್ರಗಣ್ಯರು. 1865ರಲ್ಲಿ ಬೆಳಗಾವಿಯಿಂದ ಶಿಕ್ಷಕರಿಗಾಗಿ ಹೊರಟ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಅಂದು ನಮ್ಮ ಹಳ್ಳಿಗಳಲ್ಲಿ ಮಠವೆಂದರೆ ಐಗಳು ಮಕ್ಕಳಿಗೆ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುವ ಶಾಲೆ. ಇದೇ ಬೆಳಗಾವಿಯಲ್ಲಿ 1856ರಲ್ಲಿಯೇ ಸಂತ ಪೌಲರ ಶಾಲೆಯು ಆರಂಭವಾಗಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು.

1953ರಲ್ಲಿ ಬೆಳಗಾವಿಯು ಸ್ವತಂತ್ರ ಧರ್ಮಪ್ರಾಂತ್ಯವಾಯಿತು. 1956ರಲ್ಲಿ ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನೆಯಲ್ಲಿ ಜನರ ಭಾಷೆಗೆ ಎಡೆಮಾಡಿಕೊಟ್ಟಿತು. ಪೀಠದಿಂದ ಕೇಳಿಬರುವ ಮಾತು ಮಕ್ಕಳಿಗೆ ತಿಳಿಯುವಂತಾಯಿತು. ಆ ಮಾತನ್ನು ತಾವೇ ಓದಿಕೊಳ್ಳುವ ಶಕ್ತಿಯನ್ನು ಅವರಿಗೆ ಕೊಡುವ ಹೊಣೆ ಮಾತ್ರ ನಮ್ಮದಾಗಿಯೇ ಉಳಿಯಿತು.

ಸುಲಭ ಪುಸ್ತಕದ ಬಲ

ಕನ್ನಡದ ಓದು ಮಗುವಿಗೆ ಸುಲಭದ್ದಲ್ಲ. ವ್ಯಂಜನಗಳಿಗೆ ಸ್ವರಗಳು ಕೂಡಿದಾಗ ಕಾಗುಣಿತದ ರೂಪಗಳೇ ನಾಲ್ಕು ನೂರನ್ನು ದಾಟುತ್ತವೆ, ಒತ್ತಕ್ಷರಗಳು ಬೇರೆ. ಅಂಕಲಿಪಿಯ ಕ್ರಮದಲ್ಲಿ ಇವೆಲ್ಲವನ್ನೂ ಮೊದಲು ಕಂಠಪಾಠ ಮಾಡಿ, ಆಮೇಲೆ ಪದಕ್ಕೆ ಬರಬೇಕು. ಋಕಾರವನ್ನು ಬಲ್ಲ ಮಗು ತನ್ನ ಹೆಸರನ್ನು ಓದಲಾರದೆ ಕುಳಿತಿರುತ್ತದೆ. ಇದಕ್ಕೆ ಪರಿಹಾರವಾಗಿ ಕರ್ನಾಟಕದ ಶಾಲೆಗಳಲ್ಲಿ ರ, ಗ, ಸ, ದ, ಅ ಎಂಬ ಐದು ಸರಳ ಅಕ್ಷರಗಳಿಂದ ಆರಂಭಿಸುವ ಪದ್ಧತಿಯು ಬಳಕೆಗೆ ಬಂದಿತು. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಕೆಲವೇ ದಿನಗಳಲ್ಲಿ ಮಗು ಅರ್ಥವುಳ್ಳ ಪದವನ್ನು ತಾನೇ ಓದಿ ನಗುತ್ತದೆ. ಆ ನಗುವೇ ಮುಂದಿನ ಓದಿಗೆ ಮೂಲಧನ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ–ಕಲಿ’ಯು ಮಗುವನ್ನು ಅದರ ಹೆಜ್ಜೆಗೆ ತಕ್ಕಂತೆ ನಡೆಸುವ ಕ್ರಮವನ್ನು ಶಾಲೆಗಳಿಗೆ ತಂದಿತು.

ಪಾಠಕ್ಕೆ ತಕ್ಕ ಕಥೆ, ಹಾಡುಗಳೂ ಬೇಕಲ್ಲವೇ? ಈ ವಿಷಯದಲ್ಲಿ ಪಂಜೆ ಮಂಗೇಶರಾಯರ (1874–1937) ಹೆಸರು ಚಿರಸ್ಮರಣೀಯ. ಮನೆಯಲ್ಲಿ ಕೊಂಕಣಿ ಆಡುತ್ತಿದ್ದ ಅವರು ಕನ್ನಡದ ಮಕ್ಕಳಿಗಾಗಿ ಬರೆದು ಮಕ್ಕಳ ಸಾಹಿತ್ಯಕ್ಕೆ ಹಿರಿಯರಾದರು. ಮನೆಮಾತು ಬೇರೆಯಾದರೆ ಕನ್ನಡವು ದೂರವಾಗುವುದೆಂಬ ಭಯಕ್ಕೆ ಅವರ ಬಾಳೇ ಉತ್ತರ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಮಕ್ಕಳ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಮೊದಲ ಹಂತದಲ್ಲಿ ಪದಗಳು ಕಡಮೆ, ಚಿತ್ರಗಳು ಹೆಚ್ಚು, ಒಂದೇ ಪದವು ಮರಳಿ ಮರಳಿ ಬರುತ್ತದೆ. ಕಾರ್ತೀಲ್ಯದಲ್ಲಿದ್ದ ಜಾಣ್ಮೆಯೇ ಇಲ್ಲಿ ಹೊಸ ರೂಪದಲ್ಲಿ ಬಂದಿದೆ.

ನಮ್ಮ ಮುಂದಿರುವ ಕೆಲಸ

ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ ‘ಅಸರ್’ ವರದಿಯಂತೆ, 2022ರಲ್ಲಿ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 20.5 ಮಾತ್ರ. 2024ರಲ್ಲಿ ಇದು ಶೇಕಡಾ 27.1ಕ್ಕೆ ಏರಿದರೂ ಸಮಾಧಾನಪಡುವಂತಿಲ್ಲ. ಈ ಮಾತು ನಮಗೆ ಹೊರಗಿನದಲ್ಲ. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಒಂದು ಮಗು ಪುಸ್ತಕ ತೆರೆದು ಪರಲೋಕ ಮಂತ್ರವನ್ನು ತಪ್ಪಿಲ್ಲದೆ ಹೇಳುತ್ತದೆ; ನಾವು ಸಂತೋಷಪಡುತ್ತೇವೆ. ಆದರೆ ಅದರ ಬೆರಳು ಬೇರೊಂದು ಸಾಲಿನ ಮೇಲಿರುವುದನ್ನು ನಾವು ಗಮನಿಸಿದ್ದೇವೆಯೇ? ಬಾಯಿಪಾಠವನ್ನು ಓದೆಂದು ತಿಳಿದು ಎಷ್ಟು ಮಕ್ಕಳನ್ನು ಹಾಗೆಯೇ ಮುಂದೆ ಕಳುಹಿಸಿದ್ದೇವೆಯೋ! ಈ ತಪ್ಪಿನಲ್ಲಿ ನಮ್ಮೆಲ್ಲರ ಪಾಲೂ ಇದೆ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಮಗುವಿನ ಮಾತಿಗೆ ಹತ್ತಿರವಾದ, ಒಂದು ಪುಟಕ್ಕೆ ಒಂದೆರಡು ಸಾಲುಗಳಿರುವ ತೆಳು ಪುಸ್ತಕಗಳು ಕೆಲವು. ದಿನಕ್ಕೆ ಕಾಲು ಗಂಟೆ. ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯರು. ಮೊದಲು ನಾವು ಓದಬೇಕು, ಬಳಿಕ ಜೊತೆಯಲ್ಲಿ ಓದಬೇಕು, ಕೊನೆಗೆ ಮಗುವೇ ಓದಬೇಕು. ತಪ್ಪಿದಾಗ ಗದರಬಾರದು; ಸಾಲಿನ ಕೆಳಗೆ ಬೆರಳಿಟ್ಟು ಕಾಯಬೇಕು. ಕಥೆಯನ್ನು ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಪುಸ್ತಕದ ಮಾತಿಗೆ ಬಂದರೆ ಕೊಂಕಣಿಯ ಮಗುವೂ ಮರಾಠಿಯ ಮಗುವೂ ಕನ್ನಡದಲ್ಲಿ ಪರಕೀಯರಾಗುವುದಿಲ್ಲ. ಅಕ್ಷರ ಬಾರದ ಅಜ್ಜಿಯೂ ಇದಕ್ಕೆ ಯೋಗ್ಯಳೇ. ಅವಳು ಕೇಳಿಸಿಕೊಂಡರೆ ಮಗು ಓದುತ್ತದೆ.

ಒಂದು ಪೆಟ್ಟಿಗೆಯ ಪುಸ್ತಕಗಳು ಅಂದು ಕೊಚ್ಚಿಯಲ್ಲಿ ನೂರು ಮಕ್ಕಳಿಗೆ ಸಾಕಾದವು. ನೂರು ತುಂಬಿದ ನಮ್ಮ ಧರ್ಮಕೇಂದ್ರದಲ್ಲಿ ಅಂತಹ ಒಂದು ಪೆಟ್ಟಿಗೆಯನ್ನು ಇಡಲು ನಾವು ಅಸಮರ್ಥರೇ? ಮುಂದಿನ ಶತಮಾನೋತ್ಸವದ ಸಂಚಿಕೆಯನ್ನು ಓದಬೇಕಾದವರು ಇಂದು ತೊಟ್ಟಿಲಲ್ಲಿಯೂ ಅಂಗಳದಲ್ಲಿಯೂ ಇರುವ ಮಕ್ಕಳ ಮಕ್ಕಳು. ಅವರಿಗೆ ಓದು ಉಳಿಯಬೇಕಾದರೆ ಇಂದು ಸಂಜೆ, ಜಪವಾದ ಬಳಿಕ, ನಮ್ಮ ಮನೆಯ ಮಗುವಿನ ಕೈಗೆ ಒಂದು ಚಿಕ್ಕ ಪುಸ್ತಕವನ್ನಿತ್ತು ಪಕ್ಕದಲ್ಲಿ ಕುಳಿತುಕೊಳ್ಳೋಣ.